ನ್ಯಾಸ್‌ನಿಂದ ಎಚ್ಚರಿಕೆ ಮೇಲ್ ಬರುತ್ತಿಲ್ಲ: ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ನ್ಯಾಸ್ ಎಂದರೆ ಮನೆಯ ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್‌ಗಳ ಪೆಟ್ಟಿಗೆ. ಅದರಲ್ಲಿ ಎರಡು ಡಿಸ್ಕ್‌ಗಳ ರೈಡ್ 1 (ಎರಡರಲ್ಲೂ ಒಂದೇ ಪ್ರತಿ ಇಡುವ ಜೋಡಣೆ) ಇದ್ದರೆ ಒಂದು ಡಿಸ್ಕ್ ಸತ್ತರೂ ಫೋಟೋಗಳು ಎಂದಿನಂತೆ ತೆರೆಯುತ್ತವೆ, ಬ್ಯಾಕಪ್ ಎಂದಿನಂತೆ ನಡೆಯುತ್ತದೆ. ಪೆಟ್ಟಿಗೆಯ ಮುಂದಿನ ದೀಪ ಬಣ್ಣ ಬದಲಿಸಿರುತ್ತದೆ, ಆದರೆ ಅದು ಕಪಾಟಿನೊಳಗೋ ಮೆಟ್ಟಿಲ ಕೆಳಗೋ ಕೂತಿದ್ದರೆ ನೋಡುವವರಿಲ್ಲ. ಬೀಪ್ ಸದ್ದನ್ನು ಕಿರಿಕಿರಿಯೆಂದು ಯಾರೋ ಎಂದೋ ಆಫ್ ಮಾಡಿರುತ್ತಾರೆ. ಉಳಿಯುವುದು ಇಮೇಲ್. ಅದೂ ಬಾರದಿದ್ದರೆ ಎರಡನೆಯ ಡಿಸ್ಕ್ ಕೈಕೊಟ್ಟ ದಿನವೇ ವಿಷಯ ಗೊತ್ತಾಗುವುದು.

ಹುಡುಕಾಟಕ್ಕೆ ಇಳಿಯುವ ಮೊದಲು ಒಂದನ್ನು ಬೇರ್ಪಡಿಸಿಕೊಳ್ಳಿ. ಟೆಸ್ಟ್ ಮೇಲ್ ಗುಂಡಿ ಒತ್ತಿದರೂ ಮೇಲ್ ಬಾರದಿರುವುದು ಒಂದು ಕಾಯಿಲೆ. ಟೆಸ್ಟ್ ಮೇಲ್ ಸಲೀಸಾಗಿ ಬಂದು ನಿಜವಾದ ಎಚ್ಚರಿಕೆ ಮಾತ್ರ ಬಾರದಿರುವುದು ಬೇರೆಯೇ ಕಾಯಿಲೆ. ಮೊದಲನೆಯದು ಸೆಟ್ಟಿಂಗ್ ಮಾಡುವಾಗಲೇ ಕಣ್ಣಿಗೆ ಬೀಳುತ್ತದೆ, ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ಎರಡನೆಯದು ವರ್ಷಗಟ್ಟಲೆ ಯಾರಿಗೂ ತಿಳಿಯದೆ ಕೂತಿರುತ್ತದೆ. ಆದ್ದರಿಂದ ಟೆಸ್ಟ್ ಮೇಲ್ ಬಂತೆಂದು ಕೈ ತೊಳೆದುಕೊಳ್ಳಬೇಡಿ. ಅಲ್ಲಿಗೆ ಅರ್ಧ ಕೆಲಸ ಮುಗಿದಿದೆ, ಅಷ್ಟೇ.

ಮೊದಲು ಅಂಕಿ ಓದಿ

‘ಮೇಲ್ ಕಳಿಸಲಾಗಲಿಲ್ಲ, ಸೆಟ್ಟಿಂಗ್ ಪರಿಶೀಲಿಸಿ’ ಎಂಬ ಪೆಟ್ಟಿಗೆ ತೆರೆಯ ಮೇಲೆ ಬಂದರೆ ಅದರಿಂದ ಏನೂ ತಿಳಿಯದು. ಮೇಲ್ ಸರ್ವರ್ ಕೊಟ್ಟ ಉತ್ತರ ಬೇಕು. ಸಿಸ್ಟಮ್ ಲಾಗ್‌ನಲ್ಲೋ ನೋಟಿಫಿಕೇಶನ್ ಲಾಗ್‌ನಲ್ಲೋ ಮೂರಂಕಿಯ ಸಂಖ್ಯೆಯೊಂದು ಸಿಗುತ್ತದೆ. ಲಿನಕ್ಸ್ ಮೇಲೆ ಸ್ವಂತವಾಗಿ ಕಟ್ಟಿಕೊಂಡ ನ್ಯಾಸ್ ಆದರೆ ಮೇಲ್ ಲಾಗ್‌ನಲ್ಲೋ ಜರ್ನಲ್‌ನಲ್ಲೋ ಅದಿರುತ್ತದೆ.

ಎಲ್ಲ ಸರಿಯಿದ್ದಾಗ 587ನೇ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಸರ್ವರ್‌ನ ಸಂಖ್ಯೆಯುಳ್ಳ ಬಾಗಿಲು) ನಡೆಯುವ ಮಾತುಕತೆ ಹೀಗಿರುತ್ತದೆ. ನ್ಯಾಸ್ ಕದ ತಟ್ಟಿದೊಡನೆ ಸರ್ವರ್ 220 ಎನ್ನುತ್ತದೆ. ನ್ಯಾಸ್ ತನ್ನ ಹೆಸರು ಹೇಳುತ್ತದೆ. ಸರ್ವರ್ 250 ಎಂದು ತನಗೆ ಬರುವ ವಿದ್ಯೆಗಳ ಪಟ್ಟಿ ಕೊಡುತ್ತದೆ. ನ್ಯಾಸ್ ಸ್ಟಾರ್ಟ್‌ಟಿಎಲ್‌ಎಸ್ (ಗೂಢಲಿಪಿಗೆ ಬದಲಾಗುವ ಆದೇಶ) ಕೇಳುತ್ತದೆ, ಮತ್ತೆ 220, ಅಲ್ಲಿಂದಾಚೆ ಮಾತು ಗೂಢಲಿಪಿಯಲ್ಲಿ. ಲಾಗಿನ್‌ಗೆ 334 ಎಂದು ಕೇಳಿ, ಒಪ್ಪಿಗೆಯಾದರೆ 235. ಕಳಿಸುವವರ ವಿಳಾಸಕ್ಕೆ 250, ಪಡೆಯುವವರ ವಿಳಾಸಕ್ಕೆ 250, ‘ಪತ್ರ ಕೊಡು’ ಎನ್ನಲು 354, ಪತ್ರ ಮುಟ್ಟಿದ ಮೇಲೆ ಕೊನೆಯ 250. ಲಾಗ್ ಯಾವ ಮೆಟ್ಟಿಲಲ್ಲಿ ನಿಂತಿದೆಯೋ ದೋಷ ಅಲ್ಲಿದೆ.

4ರಿಂದ ಶುರುವಾಗುವ ಸಂಖ್ಯೆ ತಾತ್ಕಾಲಿಕ ನಿರಾಕರಣೆ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. 5ರಿಂದ ಶುರುವಾದರೆ ಇಲ್ಲ ಎಂದರೆ ಇಲ್ಲ. ಏನಾದರೂ ಬದಲಿಸದೆ ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ. ಹಾಗೆ ಒತ್ತುತ್ತಲೇ ಇದ್ದರೆ ಲಾಗಿನ್ ಪ್ರಯತ್ನ ಹೆಚ್ಚಾಯಿತೆಂದು 454 ಬಂದು, ಸರಿಯಾದ ಪಾಸ್‌ವರ್ಡ್ ಕೊಟ್ಟಾಗಲೂ ಸರ್ವರ್ ಒಳಗೆ ಬಿಡದಿರಬಹುದು. ಸಂಖ್ಯೆಯೇ ಇಲ್ಲದೆ ‘ಟೈಮ್ ಔಟ್’ ಎಂದೋ ‘ಹೋಸ್ಟ್ ಸಿಗಲಿಲ್ಲ’ ಎಂದೋ ಇದ್ದರೆ ಮಾತುಕತೆ ಶುರುವೇ ಆಗಿಲ್ಲ ಎಂದರ್ಥ.

ಸಂಖ್ಯೆಯೇ ಇಲ್ಲದಿದ್ದರೆ: ದಾರಿ ನೋಡಿ

ಅತಿ ಹೆಚ್ಚು ಸಿಗುವ ಕಾರಣ ಇದು: ನ್ಯಾಸ್‌ಗೆ ಸ್ಥಿರ ಐಪಿ ಕೊಡುವಾಗ ವಿಳಾಸ ಮತ್ತು ಮಾಸ್ಕ್ ತುಂಬಿ, ಗೇಟ್‌ವೇ (ಹೊರಗೆ ಹೋಗಲು ದಾರಿಯಾದ ರೂಟರ್‌ನ ವಿಳಾಸ) ಹಾಗೂ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ಸರ್ವರ್) ಖಾಲಿ ಬಿಟ್ಟಿರುವುದು. ಮನೆಯೊಳಗೆ ಎಲ್ಲವೂ ನಡೆಯುತ್ತದೆ, ಫೈಲ್ ತೆರೆಯುತ್ತದೆ, ಟಿವಿಯಲ್ಲಿ ಸಿನಿಮಾ ಓಡುತ್ತದೆ. ಹೊರಗೆ ಹೋಗುವ ದಾರಿ ಮಾತ್ರ ಪೆಟ್ಟಿಗೆಗೆ ಗೊತ್ತಿಲ್ಲ. ‘ಹೋಸ್ಟ್ ಸಿಗಲಿಲ್ಲ’ ಎಂದರೆ ಡಿಎನ್‌ಎಸ್, ‘ನೆಟ್‌ವರ್ಕ್ ತಲುಪಲಾಗದು’ ಎಂದರೆ ಗೇಟ್‌ವೇ. ನ್ಯಾಸ್‌ನ ಅಪ್‌ಡೇಟ್ ಪರಿಶೀಲನೆಯೂ ಗಡಿಯಾರದ ಹೊಂದಾಣಿಕೆಯೂ ಸೋಲುತ್ತಿದ್ದರೆ ಮೇಲ್ ಸೆಟ್ಟಿಂಗ್ ಮುಟ್ಟಲೇಬೇಡಿ, ಇದನ್ನೇ ಸರಿಮಾಡಿ. ರೂಟರ್ ಬದಲಿಸಿದ ಮೇಲೆ ಮೇಲ್ ನಿಂತಿದ್ದರೆ ಹಳೆಯ ಗೇಟ್‌ವೇ ವಿಳಾಸ ನ್ಯಾಸ್‌ನಲ್ಲೇ ಉಳಿದಿರುವ ಸಾಧ್ಯತೆ ಬಲವಾಗಿದೆ.

ಅದೆಲ್ಲ ಸರಿಯಿದ್ದೂ ಟೈಮ್ ಔಟ್ ಬಂದರೆ ಪೋರ್ಟ್ ಪರೀಕ್ಷಿಸಿ. ಅದೇ ನೆಟ್‌ವರ್ಕ್‌ನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಆದೇಶಕ್ಕೆ ಮೇಲ್ ಸರ್ವರ್‌ನ ಹೆಸರನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ, ಕೊನೆಯ ಸಾಲಿನಲ್ಲಿ ‘ಟ್ರೂ’ ಅಥವಾ ‘ಫಾಲ್ಸ್’ ಬರುತ್ತದೆ. ಕಂಪ್ಯೂಟರ್‌ಗೆ ದಾರಿ ಇದ್ದು ನ್ಯಾಸ್‌ಗೆ ಇಲ್ಲದಿದ್ದರೆ ದೋಷ ನ್ಯಾಸ್‌ನಲ್ಲಿ. ಎರಡಕ್ಕೂ ಇಲ್ಲದಿದ್ದರೆ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ಮತ್ತೆ ನೋಡಿ. ಅಲ್ಲಿ ತೆರೆದರೆ ಅಡ್ಡಿ ಇರುವುದು ರೂಟರ್‌ನಲ್ಲಿ ಅಥವಾ ಇಂಟರ್ನೆಟ್ ಕೊಡುವವರಲ್ಲಿ. ಪಿಂಗ್ (ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಆದೇಶ) ಇಲ್ಲಿ ಸಾಕ್ಷಿಯಲ್ಲ: ಪಿಂಗ್‌ಗೆ ಉತ್ತರ ಬಂದ ಮಾತ್ರಕ್ಕೆ ಪೋರ್ಟ್ ತೆರೆದಿದೆ ಎಂದಲ್ಲ, ಬಾರದಿದ್ದ ಮಾತ್ರಕ್ಕೆ ಮುಚ್ಚಿದೆ ಎಂದೂ ಅಲ್ಲ. ಕಂಪ್ಯೂಟರ್‌ನ ಆ್ಯಂಟಿವೈರಸ್ ಮೇಲ್ ಪೋರ್ಟ್‌ಗಳ ನಡುವೆ ಕೂತು ತಾನೇ ಉತ್ತರಿಸುವುದೂ ಉಂಟು, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

25ನೇ ಪೋರ್ಟ್ ಹಾಕಿದ್ದರೆ ಅದನ್ನು ಬಿಟ್ಟುಬಿಡಿ. ಅದು ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗಿಸುವ ದಾರಿ. ಸ್ಪ್ಯಾಮ್ ತಡೆಯಲು ಮನೆ ಸಂಪರ್ಕಗಳಲ್ಲಿ ಅದನ್ನು ಮುಚ್ಚಿಡುವುದು ಹಲವೆಡೆ ರೂಢಿ. ಮನೆಯ ಸಾಧನಕ್ಕೆ ಇರುವವು 587 ಮತ್ತು 465.

ಇನ್ನೆರಡು ಸಣ್ಣ ಕಾರಣಗಳಿವೆ. ನ್ಯಾಸ್‌ನಲ್ಲಿ ವಿಪಿಎನ್ ಹಾಕಿ ಅದನ್ನೇ ಮುಖ್ಯ ದಾರಿ ಮಾಡಿದ್ದರೆ ಮೇಲ್ ಕೂಡ ಅದರಲ್ಲೇ ಹೊರಡುತ್ತದೆ. ಮೇಲ್ ಪೋರ್ಟ್‌ಗಳನ್ನು ತಡೆಯುವ ವಿಪಿಎನ್ ಸೇವೆಗಳಿವೆ. ಮತ್ತೆ, ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಅರ್ಧಂಬರ್ಧ ಕೆಲಸ ಮಾಡುವ ಕಡೆ ನ್ಯಾಸ್ ಮೊದಲು ಆ ದಾರಿ ಹಿಡಿದು ಕಾದು ಸುಸ್ತಾಗುತ್ತದೆ. ಎರಡನ್ನೂ ಹತ್ತು ನಿಮಿಷ ಆಫ್ ಮಾಡಿ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ.

ಪೋರ್ಟ್‌ಗೂ ಎನ್‌ಕ್ರಿಪ್ಶನ್‌ಗೂ ಜೋಡಿ ತಪ್ಪಿದಾಗ

465ಕ್ಕೆ ಮೊದಲ ಕ್ಷಣದಿಂದಲೇ ಟಿಎಲ್‌ಎಸ್, ಅಂದರೆ ಗೂಢಲಿಪಿ. 587ಕ್ಕೆ ಮೊದಲು ಬಿಡುಮಾತು, ನಡುವೆ ಸ್ಟಾರ್ಟ್‌ಟಿಎಲ್‌ಎಸ್. ಈ ಜೋಡಿ ಅದಲುಬದಲಾದಾಗ ಎರಡೂ ಕಡೆ ಒಂದೇ ಬಗೆಯ ದೋಷ ಬರುವುದಿಲ್ಲ. ಲಕ್ಷಣ ನೋಡಿಯೇ ಯಾವುದು ಎಂದು ಹೇಳಬಹುದು.

465 ಹಾಕಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದರೆ ನ್ಯಾಸ್ ‘220 ಹೇಳಲಿ’ ಎಂದು ಸರ್ವರ್‌ನ ಬಾಯಿ ನೋಡುತ್ತದೆ, ಸರ್ವರ್ ‘ಟಿಎಲ್‌ಎಸ್ ಕೈಕುಲುಕು ಬರಲಿ’ ಎಂದು ನ್ಯಾಸ್‌ನ ಬಾಯಿ ನೋಡುತ್ತದೆ. ಇಬ್ಬರೂ ಸುಮ್ಮನೆ. ಕೊನೆಗೆ ಟೈಮ್ ಔಟ್. ಪೋರ್ಟ್ ಮುಚ್ಚಿದಾಗಲೂ ಇದೇ ಸಂದೇಶ ಬರುವುದರಿಂದ ಜನ ಫೈರ್‌ವಾಲ್ ಕೆದಕಲು ಹೋಗುತ್ತಾರೆ. ಪವರ್‌ಶೆಲ್ ಪರೀಕ್ಷೆಯಲ್ಲಿ 465 ತೆರೆದಿದ್ದೂ ನ್ಯಾಸ್‌ನಲ್ಲಿ ಟೈಮ್ ಔಟ್ ಬಂದರೆ ಮೊದಲು ಅನುಮಾನಿಸಬೇಕಾದ್ದು ಈ ಜೋಡಿಯನ್ನೇ.

587 ಹಾಕಿ ಎಸ್‌ಎಸ್‌ಎಲ್ (ಮೊದಲಿನಿಂದಲೇ ಗೂಢಲಿಪಿ) ಆರಿಸಿದರೆ ತಿರುಗುಮುರುಗು. ನ್ಯಾಸ್ ತಕ್ಷಣ ಗೂಢಲಿಪಿ ಮಾತಾಡುತ್ತದೆ, ಸರ್ವರ್ ಮಾಮೂಲಿ ಅಕ್ಷರದಲ್ಲಿ 220 ಎನ್ನುತ್ತದೆ. ಟಿಎಲ್‌ಎಸ್ ಉತ್ತರ ಎಂದುಕೊಂಡು ಆ ಅಕ್ಷರಗಳನ್ನು ಓದಲು ಹೋದ ನ್ಯಾಸ್‌ಗೆ ಆವೃತ್ತಿ ಸಂಖ್ಯೆ ಇರಬೇಕಾದಲ್ಲಿ ಬೇರೇನೋ ಕಾಣುತ್ತದೆ. ಲಾಗ್‌ನಲ್ಲಿ ‘ರಾಂಗ್ ವರ್ಶನ್ ನಂಬರ್’ ಎಂದು ಕ್ಷಣದಲ್ಲೇ ಬಂದುಬಿಡುತ್ತದೆ. ಹಳೆಯ ಟಿಎಲ್‌ಎಸ್ ಆವೃತ್ತಿಯ ಸಮಸ್ಯೆ ಎಂದು ಇದನ್ನು ತಪ್ಪು ತಿಳಿಯುವವರೇ ಹೆಚ್ಚು. ಎನ್‌ಕ್ರಿಪ್ಶನ್ ಏನೂ ಬೇಡ ಎಂದು ಬಿಟ್ಟರೆ ಜಿಮೇಲ್ 530 ಕೊಟ್ಟು ‘ಮೊದಲು ಸ್ಟಾರ್ಟ್‌ಟಿಎಲ್‌ಎಸ್ ಕೊಡು’ ಎನ್ನುತ್ತದೆ.

ಗೊಂದಲ ಹುಟ್ಟುವುದು ಪಟ್ಟಿಯಲ್ಲಿರುವ ಹೆಸರುಗಳಿಂದ. ಟ್ರೂನ್ಯಾಸ್‌ನಂಥ ನ್ಯಾಸ್ ತಂತ್ರಾಂಶದಲ್ಲಿ ‘ಎಸ್‌ಎಸ್‌ಎಲ್’ ಎಂದರೆ ಮೊದಲಿನಿಂದಲೇ ಗೂಢಲಿಪಿ, ‘ಟಿಎಲ್‌ಎಸ್’ ಎಂದರೆ ಸ್ಟಾರ್ಟ್‌ಟಿಎಲ್‌ಎಸ್. ಅದನ್ನು ಅವರು ಪಕ್ಕದಲ್ಲೇ ಬರೆದಿದ್ದಾರೆ. ಬೇರೆ ಕಡೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಎಂಬ ಒಂದೇ ಟಿಕ್ ಗುರುತು, ಒಳಗೆ ಪೋರ್ಟ್ ನೋಡಿ ತಾನೇ ನಿರ್ಧರಿಸುವಂಥದ್ದು. ಹೆಸರಿನ ಮೇಲೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಎರಡು ಪೋರ್ಟ್, ಎರಡು ಆಯ್ಕೆ, ಒಟ್ಟು ನಾಲ್ಕು ಜೋಡಿಗಳನ್ನೂ ಒಮ್ಮೆ ಪರೀಕ್ಷಿಸುವುದು ಬೇಗ ಮುಗಿಯುವ ಕೆಲಸ.

ಜೋಡಿ ಸರಿಯಿದ್ದೂ ಪ್ರಮಾಣಪತ್ರದ (ಸರ್ವರ್ ತನ್ನ ಗುರುತಿಗೆ ತೋರಿಸುವ ಪತ್ರ) ದೋಷ ಬಂದರೆ ಮೊದಲು ಗಡಿಯಾರ ನೋಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಪ್ರಮಾಣಪತ್ರದ ಆಯಸ್ಸು ಸಾಮಾನ್ಯವಾಗಿ 90 ದಿನ. ನ್ಯಾಸ್‌ನ ದಿನಾಂಕ ಎರಡು ತಿಂಗಳು ಹಿಂದಿದ್ದರೆ ಸಾಕು, ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ತಿರಸ್ಕರಿಸಬಹುದು. ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಳೆಯ ಯಾವುದೋ ವರ್ಷಕ್ಕೆ ಜಾರುತ್ತಿದ್ದರೆ ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಹಲವು ಪೆಟ್ಟಿಗೆಗಳಲ್ಲಿ ಅದು ಸಿಆರ್2032, 3 ವೋಲ್ಟ್. ಎನ್‌ಟಿಪಿ (ಇಂಟರ್ನೆಟ್‌ನಿಂದ ಗಡಿಯಾರ ಹೊಂದಿಸುವ ಸೇವೆ) ಆನ್ ಇರಲಿ, ಅದು ಹೊರಡುವ ಯುಡಿಪಿ 123 ಪೋರ್ಟ್ ತೆರೆದಿರಲಿ. ಟೈಮ್ ಝೋನ್ ತಪ್ಪಿದ್ದರೆ ಇಷ್ಟು ತೊಂದರೆಯಿಲ್ಲ.

ಗಡಿಯಾರ ಸರಿಯಿದ್ದರೆ ಫರ್ಮ್‌ವೇರ್‌ನ (ಪೆಟ್ಟಿಗೆಯೊಳಗಿನ ತಂತ್ರಾಂಶ) ವಯಸ್ಸು ನೋಡಿ. ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿಯಿತು. ಅದಾದ ಮೇಲೆ ಹೊಸ ಮೂಲ ಪ್ರಮಾಣಪತ್ರಗಳನ್ನು ಪಡೆಯದ ಹಳೆಯ ಪೆಟ್ಟಿಗೆಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವ ಮೇಲ್ ಸರ್ವರ್‌ಗಳ ಮೇಲೆ ನಂಬಿಕೆಯೇ ಹುಟ್ಟುವುದಿಲ್ಲ. ಟಿಎಲ್‌ಎಸ್ 1.0 ಮತ್ತು 1.1 ಕೂಡ 2021ರಲ್ಲೇ ಅಧಿಕೃತವಾಗಿ ನಿವೃತ್ತಿಯಾದವು. ಅಷ್ಟೇ ಬಲ್ಲ ನ್ಯಾಸ್‌ನೊಡನೆ ಹಲವು ಸರ್ವರ್‌ಗಳು ಮಾತಾಡುವುದಿಲ್ಲ. ಮದ್ದು ಫರ್ಮ್‌ವೇರ್ ಅಪ್‌ಡೇಟ್. ಪ್ರಮಾಣಪತ್ರದ ಪರಿಶೀಲನೆಯನ್ನೇ ಆಫ್ ಮಾಡುವುದು ಮದ್ದಲ್ಲ, ಪಾಸ್‌ವರ್ಡನ್ನು ಯಾರು ಕೇಳಿದರೂ ಕೊಡು ಎಂದು ನ್ಯಾಸ್‌ಗೆ ಹೇಳಿದಂತೆ ಅದು.

ಅಪ್‌ಡೇಟ್ ಬರುವುದೇ ನಿಂತ ಪೆಟ್ಟಿಗೆಗೆ ಒಂದು ಉಪಾಯ ಉಂಟು. ಸದಾ ಆನ್ ಇರುವ ಇನ್ನೊಂದು ಪುಟ್ಟ ಲಿನಕ್ಸ್ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಹಾಕಿ, ನ್ಯಾಸ್‌ನ ಐಪಿಯಿಂದ ಮಾತ್ರ ಮೇಲ್ ತೆಗೆದುಕೊಂಡು 587ರಲ್ಲಿ ಹೊರಗೆ ಕಳಿಸುವಂತೆ ಮಾಡಬಹುದು. ಆ ಯಂತ್ರದ 25ನೇ ಪೋರ್ಟನ್ನು ರೂಟರ್‌ನಲ್ಲಿ ಹೊರಜಗತ್ತಿಗೆ ತೆರೆಯಬೇಡಿ. ಇದರಿಂದ ಇನ್ನೊಂದು ಲಾಭ: ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಬಂದ ಮೇಲನ್ನು ಪೋಸ್ಟ್‌ಫಿಕ್ಸ್ ಸರದಿಯಲ್ಲಿಟ್ಟು, ಬೇರೆ ಹೇಳದಿದ್ದರೆ 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಂಎಸ್‌ಎಂಟಿಪಿಯಂಥ ಸರಳ ಕಳುಹಿಸುಗಗಳು ಒಮ್ಮೆ ಯತ್ನಿಸಿ ಸೋತರೆ ಆ ಮೇಲ್ ಹೋಯಿತು ಎಂದೇ ಲೆಕ್ಕ.

535: ಪಾಸ್‌ವರ್ಡ್ ಸರಿಯಿದ್ದೂ ಸರಿಯಿಲ್ಲ

ಬ್ರೌಸರ್‌ನಲ್ಲಿ ತೆರೆಯುವ ಪಾಸ್‌ವರ್ಡನ್ನೇ ನ್ಯಾಸ್‌ಗೂ ಕೊಟ್ಟರೆ 535 ಬರುವುದು ಈಗ ಸಹಜ. ಬರೀ ಪಾಸ್‌ವರ್ಡ್‌ನಿಂದ ಒಳಗೆ ಬಿಡುವ ‘ಕಡಿಮೆ ಸುರಕ್ಷಿತ ಆ್ಯಪ್’ ಎಂಬ ಸೌಲಭ್ಯವನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿದೆ. ಅದನ್ನು ಆನ್ ಮಾಡಿ ಎನ್ನುವ ಹಳೆಯ ಸೂಚನೆಗಳು ಕಂಡರೆ ಮುಂದೆ ಸಾಗಿ. ಈಗಿನ ದಾರಿ: ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಆಮೇಲೆ ಆ್ಯಪ್ ಪಾಸ್‌ವರ್ಡ್ (ಒಂದು ಸಾಧನಕ್ಕೆಂದೇ ಕೊಡುವ ಬೇರೆ ಪಾಸ್‌ವರ್ಡ್) ಪಡೆಯುವುದು. ಅದು 16 ಅಕ್ಷರ, ತೆರೆಯ ಮೇಲೆ ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸುತ್ತದೆ. ನ್ಯಾಸ್‌ನಲ್ಲಿ ತುಂಬುವಾಗ ನಡುವಿನ ಖಾಲಿ ಜಾಗ ತೆಗೆದುಬಿಡಿ. ಮತ್ತೊಮ್ಮೆ ಅದನ್ನು ತೋರಿಸುವುದಿಲ್ಲ, ಬೇಕಾದರೆ ಹೊಸದನ್ನೇ ಮಾಡಿಕೊಳ್ಳಬೇಕು. 534 ಬಂದು ಆ್ಯಪ್ ಪಾಸ್‌ವರ್ಡ್ ಬೇಕೆಂದು ಕೇಳಿದರೆ ಇದೇ ಹಂತ ಬಿಟ್ಟುಹೋಗಿದೆ. ಎರಡು ಹಂತದ ಪರಿಶೀಲನೆಯನ್ನು ಸೆಕ್ಯುರಿಟಿ ಕೀಗೆ ಮಾತ್ರ ಸೀಮಿತಗೊಳಿಸಿದ ಖಾತೆಗಳಿಗೆ ಈ ಆಯ್ಕೆ ಕಾಣಿಸುವುದೇ ಇಲ್ಲ.

ಗಮನಿಸಬೇಕಾದ್ದು: ಗೂಗಲ್ ಖಾತೆಯ ಮೂಲ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಫೋನ್, ಕಂಪ್ಯೂಟರ್ ಎಲ್ಲ ಮತ್ತೆ ಲಾಗಿನ್ ಕೇಳುತ್ತವೆ, ನ್ಯಾಸ್ ಕೇಳುವುದಿಲ್ಲ. ಸುಮ್ಮನೆ ಸೋಲುತ್ತಿರುತ್ತದೆ. ‘ಎರಡು ವರ್ಷ ಬರುತ್ತಿತ್ತು, ಈಗ ಯಾಕೋ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಪಾಸ್‌ವರ್ಡ್ ಬದಲಿಸಿದ ದಿನವೊಂದು ಇದೆಯೇ ಎಂದು ಮೊದಲು ಕೇಳಿ.

ಔಟ್‌ಲುಕ್ ಡಾಟ್ ಕಾಮ್‌ನಲ್ಲಿ ಕಥೆ ಬೇರೆ. ವೈಯಕ್ತಿಕ ಖಾತೆಗಳಿಗೆ ಬರೀ ಹೆಸರು-ಪಾಸ್‌ವರ್ಡ್ ಲಾಗಿನ್ 2024ರ ಸೆಪ್ಟೆಂಬರ್ 16ರಿಂದ ಇಲ್ಲ. 535ರ ಜೊತೆ 5.7.139 ಎಂಬ ಉಪಸಂಖ್ಯೆ ಕಂಡರೆ ಅದೇ ಕಾರಣ. ಓಆಥ್ 2 ಲಾಗಿನ್ (ಪಾಸ್‌ವರ್ಡ್ ಕೊಡದೆ ಖಾತೆಯ ಅನುಮತಿ ಪಡೆಯುವ ಬಗೆ) ಬಲ್ಲ ನ್ಯಾಸ್ ಇದ್ದರೆ ‘ಸೈನ್ ಇನ್’ ಗುಂಡಿಯಿಂದ ಜೋಡಿಸಿ. ಇಲ್ಲದಿದ್ದರೆ ಸಮಯ ವ್ಯರ್ಥ ಮಾಡದೆ ಬೇರೆ ಖಾತೆ ಬಳಸಿ. ಯಾಹೂ ಮತ್ತು ಐಕ್ಲೌಡ್ ಆ್ಯಪ್ ಪಾಸ್‌ವರ್ಡ್‌ನಿಂದ ನಡೆಯುತ್ತವೆ.

ನ್ಯಾಸ್‌ಗೆಂದೇ ಪ್ರತ್ಯೇಕ ಖಾತೆ ಮಾಡಿಕೊಳ್ಳುವುದು ಒಳ್ಳೆಯದು. ಪೆಟ್ಟಿಗೆ ಕಳುವಾದರೆ ಅಥವಾ ಅದರೊಳಗೆ ಯಾರಾದರೂ ನುಗ್ಗಿದರೆ ನಿಮ್ಮ ಸ್ವಂತ ಮೇಲ್ ಖಾತೆಯ ಕೀಲಿ ಅವರ ಕೈಗೆ ಸಿಗುವುದಿಲ್ಲ.

ಲಾಗಿನ್ ಆಯಿತು, ಪತ್ರ ಒಪ್ಪಲಿಲ್ಲ

235 ಬಂದ ಮೇಲೆ 550 ಅಥವಾ 553 ಬಂದರೆ ‘ಕಳಿಸುವವರು’ ಜಾಗದಲ್ಲಿ ಇಲ್ಲದ ವಿಳಾಸವೇನಾದರೂ ಇದೆಯೇ ನೋಡಿ. ಬರೀ ಸಾಧನದ ಹೆಸರನ್ನೇ ವಿಳಾಸವಾಗಿ ಹಾಕಿಕೊಳ್ಳುವ ಫರ್ಮ್‌ವೇರ್‌ಗಳಿವೆ. ಲಾಗಿನ್ ಆದ ಖಾತೆಯ ವಿಳಾಸವನ್ನೇ ಅಲ್ಲಿಯೂ ಹಾಕಿ. ಹಲವರಿಗೆ ಕಳಿಸುವಾಗ ವಿಳಾಸಗಳ ನಡುವೆ ಅಲ್ಪವಿರಾಮವೋ ಅರ್ಧವಿರಾಮವೋ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆ. 501 ಬಂದರೆ ಒಂದೇ ವಿಳಾಸದಿಂದ ಪರೀಕ್ಷಿಸಿ. ನ್ಯಾಸ್‌ನ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ಮೊದಲ ನಮಸ್ಕಾರದಲ್ಲೇ ತಿರಸ್ಕರಿಸುವ ಸರ್ವರ್‌ಗಳಿವೆ, ಅದನ್ನು ಹೈಫನ್ ಮಾಡಿ.

550ರ ಜೊತೆ 5.4.5 ಇದ್ದರೆ ದಿನದ ಮಿತಿ ಮುಗಿದಿದೆ. ವೈಯಕ್ತಿಕ ಜಿಮೇಲ್‌ಗೆ ಅದು ದಿನಕ್ಕೆ 500. ಕೇಬಲ್ ಸಡಿಲವಾದ ಡಿಸ್ಕ್ ಒಂದು ಬಂದು-ಹೋಗಿ ಮಾಡುತ್ತಿದ್ದರೆ, ಅಥವಾ ಪ್ರತಿ ಲಾಗಿನ್‌ಗೂ ಮೇಲ್ ಹೋಗುವಂತೆ ಇಟ್ಟಿದ್ದರೆ ಒಂದೇ ರಾತ್ರಿಯಲ್ಲಿ ಅಷ್ಟೂ ಖರ್ಚಾದೀತು.

ಕೊನೆಯ 250 ಬಂದಿದೆ, ಆದರೂ ಮೇಲ್ ಕಾಣದು ಎಂದರೆ ನ್ಯಾಸ್‌ನ ಕೆಲಸ ಮುಗಿದಿದೆ; ಇನ್‌ಬಾಕ್ಸ್‌ನಲ್ಲಿ ಹುಡುಕಿ. ಸ್ಪ್ಯಾಮ್ ಸರಿ, ಎಲ್ಲರೂ ನೋಡುತ್ತಾರೆ. ನೋಡದಿರುವುದು ಒಂದರ ಮೇಲೊಂದು ಸೇರಿಕೊಂಡ ಸಂವಾದ: ಎಲ್ಲ ಎಚ್ಚರಿಕೆಗೂ ಒಂದೇ ವಿಷಯ ಸಾಲಿದ್ದರೆ ಹೊಸದು ಹಳೆಯದರ ಜೊತೆ ಮಡಚಿಕೊಂಡಿರುತ್ತದೆ. ವಿಷಯ ಸಾಲಿಗೆ ಸಾಧನದ ಹೆಸರನ್ನು ಪೂರ್ವಪದವಾಗಿ ಕೊಟ್ಟು, ಆ ಪದಕ್ಕೆ ‘ಸ್ಪ್ಯಾಮ್‌ಗೆ ಕಳಿಸಬೇಡ’ ಎಂಬ ಫಿಲ್ಟರ್ ಮಾಡಿಡಿ.

ಟೆಸ್ಟ್ ಬರುತ್ತದೆ, ಎಚ್ಚರಿಕೆ ಬರುವುದಿಲ್ಲ

ಟೆಸ್ಟ್ ಗುಂಡಿ ಅಂಚೆಯವನನ್ನು ಮಾತ್ರ ಪರೀಕ್ಷಿಸುತ್ತದೆ. ಪತ್ರ ಬರೆಯಬೇಕಾದವನು ಎಚ್ಚರವಾಗಿದ್ದಾನೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ನ ನೋಟಿಫಿಕೇಶನ್ ಸೆಂಟರ್‌ನಲ್ಲಿ ಮೇಲ್ ಖಾತೆ ಸೇರಿಸುವುದು ಒಂದು ಕೆಲಸ, ಯಾವ ಘಟನೆಗೆ ಯಾರಿಗೆ ಮೇಲ್ ಎಂಬ ನಿಯಮ ಬರೆಯುವುದು ಇನ್ನೊಂದು ಕೆಲಸ. ಎರಡನೆಯದನ್ನು ಮಾಡದಿದ್ದರೆ ಟೆಸ್ಟ್ ಮೇಲ್ ಬಂದೂ ಎಚ್ಚರಿಕೆ ಬಾರದು. ಸಿನಾಲಜಿಯಲ್ಲಿ ನೋಟಿಫಿಕೇಶನ್ ಕೆಳಗಿನ ನಿಯಮಗಳ ಪುಟದಲ್ಲಿ ಘಟನೆಗಳ ಆಯ್ಕೆ ಇದೆ. ಅನ್‌ರೇಡ್‌ನಲ್ಲಿ ಸೂಚನೆ, ಎಚ್ಚರಿಕೆ, ಅಪಾಯ ಈ ಒಂದೊಂದು ಮಟ್ಟಕ್ಕೂ ಇಮೇಲ್ ಎಂಬ ಟಿಕ್ ಬೇರೆ ಬೇರೆ. ಟ್ರೂನ್ಯಾಸ್‌ನಲ್ಲಿ ಆಡಳಿತಗಾರ ಬಳಕೆದಾರನ ವಿವರದಲ್ಲಿ ಇಮೇಲ್ ವಿಳಾಸ ತುಂಬಿದೆಯೇ ನೋಡಿ, ಆಮೇಲೆ ಎಚ್ಚರಿಕೆಗಳ ಪುಟದಲ್ಲಿ ‘ಎಂದಿಗೂ ಬೇಡ’ ಎಂದಿರುವವನ್ನು ತಿದ್ದಿ.

ಸ್ವಂತವಾಗಿ ಕಟ್ಟಿದ ಲಿನಕ್ಸ್ ನ್ಯಾಸ್‌ನಲ್ಲಿ ಇನ್ನೊಂದು ಬಗೆ. ಡೆಬಿಯನ್ ಲಿನಕ್ಸ್‌ನಲ್ಲಿ ರೈಡ್ ನೋಡಿಕೊಳ್ಳುವ ಎಂಡಿಎಡಿಎಂನ ಎಚ್ಚರಿಕೆ ಬೇರೆ ಹೇಳದಿದ್ದರೆ ರೂಟ್ ಬಳಕೆದಾರನಿಗೆ (ಯಂತ್ರದ ಮುಖ್ಯ ಖಾತೆ) ಹೋಗುತ್ತದೆ. ಹೊರಗಿನ ವಿಳಾಸಕ್ಕೆ ತಿರುಗಿಸದಿದ್ದರೆ ಆ ಮೇಲ್‌ಗಳು ಅದೇ ಯಂತ್ರದೊಳಗೆ, ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. ರೂಟ್‌ನ ಅಲಿಯಾಸ್‌ಗೆ ನಿಮ್ಮ ವಿಳಾಸ ಕೊಡಿ.

ಬರೆಯುವವನನ್ನು ಪರೀಕ್ಷಿಸಲು ಅಪಾಯವಿಲ್ಲದ ದಾರಿಗಳಿವೆ. ವಾಲ್ಯೂಮ್ 60% ತುಂಬಿದ್ದರೆ ಜಾಗದ ಎಚ್ಚರಿಕೆಯ ಮಿತಿಯನ್ನು 50%ಕ್ಕೆ ಇಳಿಸಿ. ನ್ಯಾಸ್ ಅದನ್ನು ನಿಗದಿತ ಅವಧಿಗೊಮ್ಮೆ ನೋಡುವುದರಿಂದ ಸ್ವಲ್ಪ ಕಾಯಬೇಕಾಗಬಹುದು. ಯುಪಿಎಸ್ ಇದ್ದರೆ ಅದರ ಗೋಡೆಯ ಪ್ಲಗ್ ತೆಗೆದು ಒಂದು ನಿಮಿಷ ನೋಡಿ. ಎಂಡಿಎಡಿಎಂಗೆ ಮಾನಿಟರ್, ಸ್ಕ್ಯಾನ್, ಒನ್‌ಶಾಟ್, ಟೆಸ್ಟ್ ಆಯ್ಕೆಗಳನ್ನು ಒಟ್ಟಿಗೆ ಕೊಟ್ಟರೆ ಪ್ರತಿ ರೈಡ್‌ಗೂ ಒಂದು ಪರೀಕ್ಷಾ ಮೇಲ್ ಬರುತ್ತದೆ. ಡಿಸ್ಕ್ ಆರೋಗ್ಯ ಗಮನಿಸುವ ಸ್ಮಾರ್ಟ್‌ಡಿಯ ಸಂರಚನೆಯಲ್ಲಿ ದೊಡ್ಡಕ್ಷರದ ಎಂ ಆಯ್ಕೆಗೆ ಟೆಸ್ಟ್ ಎಂದು ಬರೆದು ಸೇವೆ ಮರುಆರಂಭಿಸಿದರೆ ಡಿಸ್ಕ್‌ಗೊಂದು ಮೇಲ್. ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಝೆಡ್ ಎಂಬ ಎಚ್ಚರಿಕೆ ಸೇವೆ ಮಾತ್ರ ದೋಷವಿಲ್ಲದೆ ಮುಗಿದ ಸ್ಕ್ರಬ್‌ಗೆ (ದತ್ತಾಂಶದ ಪೂರ್ತಿ ತಪಾಸಣೆ) ಮೇಲ್ ಕಳಿಸುವುದಿಲ್ಲ. ವರ್ಬೋಸ್ ಆಯ್ಕೆ 1 ಮಾಡಿದರೆ ಕಳಿಸುತ್ತದೆ.

ಓಡುತ್ತಿರುವ ಡಿಸ್ಕನ್ನು ಎಳೆದು ಪರೀಕ್ಷಿಸಬೇಡಿ. ಮೇಲ್ ಬರುತ್ತದೆ ನಿಜ, ಆಮೇಲೆ ರೈಡ್ ಮರುಜೋಡಣೆಗೆ ಉಳಿದ ಡಿಸ್ಕ್ ಗಂಟೆಗಟ್ಟಲೆ ದುಡಿಯಬೇಕು, ಅಷ್ಟು ಹೊತ್ತೂ ಒಂದೇ ಪ್ರತಿಯ ಮೇಲೆ ಎಲ್ಲ ನಿಂತಿರುತ್ತದೆ.

ಹೊರಡಲಾರದ ಮೇಲ್

ಕರೆಂಟ್ ಹೋದ ಎಚ್ಚರಿಕೆ ಎಂದೂ ಬಾರದಿದ್ದರೆ ರೂಟರ್ ಯಾವ ಪ್ಲಗ್‌ನಲ್ಲಿದೆ ನೋಡಿ. ನ್ಯಾಸ್ ಯುಪಿಎಸ್ ಮೇಲೆ, ರೂಟರ್ ಗೋಡೆಗೆ. ನ್ಯಾಸ್ ‘ಬ್ಯಾಟರಿಯ ಮೇಲಿದ್ದೇನೆ’ ಎಂದು ಬರೆಯುತ್ತದೆ, ಅಷ್ಟರಲ್ಲಿ ರೂಟರ್ ಸತ್ತಿರುತ್ತದೆ. ಫೈಬರ್ ಪೆಟ್ಟಿಗೆ ಬೇರೆಯಿದ್ದರೆ ಅದನ್ನೂ ಸ್ವಿಚ್ಚನ್ನೂ ಯುಪಿಎಸ್‌ಗೇ ಹಾಕಬೇಕು. ಮೂರೂ ಸೇರಿದರೂ ಡಿಸ್ಕ್‌ಗಳ ಹೊರೆಯ ಮುಂದೆ ಅವು ಎಳೆಯುವ ಕರೆಂಟ್ ಅಲ್ಪ.

ಪೂರ್ತಿ ಸತ್ತ ನ್ಯಾಸ್ ಮೇಲ್ ಕಳಿಸುವುದಿಲ್ಲ, ಪಾಸ್‌ವರ್ಡ್ ರದ್ದಾದ ನ್ಯಾಸ್ ಕೂಡ. ಇದಕ್ಕೆ ಎದುರು ದಿಕ್ಕಿನ ವ್ಯವಸ್ಥೆ ಬೇಕು: ಎಲ್ಲ ಚೆನ್ನಾಗಿದ್ದಾಗಲೇ ವಾರಕ್ಕೊಂದು ಮೇಲ್ ಬರಲಿ. ಡಿಸ್ಕ್ ಆರೋಗ್ಯದ ವರದಿಯನ್ನೋ ಬ್ಯಾಕಪ್ ಮುಗಿದ ಸೂಚನೆಯನ್ನೋ ಸೋಮವಾರ ಬೆಳಿಗ್ಗೆಗೆ ಇಟ್ಟು, ಫೋನ್ ಕ್ಯಾಲೆಂಡರ್‌ನಲ್ಲಿ ಅದೇ ಹೊತ್ತಿಗೆ ‘ನ್ಯಾಸ್ ಮೇಲ್ ಬಂತೇ’ ಎಂದು ಗುರುತು ಹಾಕಿ. ಈ ಮೇಲನ್ನು ಫಿಲ್ಟರ್ ಹಾಕಿ ತಾನಾಗಿ ಓದಿದ್ದೆಂದು ಗುರುತಾಗುವಂತೆ ಮಾಡಬೇಡಿ. ಹಾಗೆ ಮಾಡಿದರೆ ಬಾರದಿದ್ದ ವಾರ ಯಾರಿಗೂ ಗೊತ್ತಾಗುವುದಿಲ್ಲ.